ಬಿಳಿ ಸೇಜ್ ನಿಂತಿರುವ ಇಳಿಜಾರು

ಮೊದಲು ಈ ಕಟ್ಟನ್ನು ನಿಮ್ಮ ಕಡೆ ಕಳಿಸುತ್ತೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮೂಸಿ ನೋಡಿ. ಹಚ್ಚುವುದು ಮಾತ್ರ ಬೇಡ, ಮೇಲೆ ಹೊಗೆ ಕಂಡರೆ ಕೂಗಿಕೊಳ್ಳುವ ಗಂಟೆಯೊಂದಿದೆ.

ಗೇಣುದ್ದದ ಕಟ್ಟು. ಸುತ್ತ ಹತ್ತಿಯ ದಾರ. ಒಳಗೆ ಬೂದಿ ಬೆರೆತ ಬಿಳಿಯ ಒಣ ಎಲೆಗಳು. ಪರಿಚಯದವರೊಬ್ಬರು ಆನ್‌ಲೈನಿನಲ್ಲಿ ತರಿಸಿ, ಮನೆಯ ಕೆಟ್ಟ ಗಾಳಿ ಹೋಗುತ್ತದೆ, ಹಚ್ಚಿಡಿ ಎಂದು ನನಗೆ ಕೊಟ್ಟರು. ಗಿಡಗಳನ್ನು ಓದಿದವನಿಗೆ ಎಂಥ ಉಡುಗೊರೆ ಕೊಡಬೇಕೆಂಬುದು ಪಾಪ ಅವರಿಗೂ ತೋಚಿರಲಿಕ್ಕಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ಕರ್ಪೂರ ಅಂದರು. ಅವರ ಪಕ್ಕದವರು ನೀಲಗಿರಿ ಎಣ್ಣೆ ಅನ್ನುತ್ತಿದ್ದಾರೆ. ಇಬ್ಬರೂ ಸರಿ. ಈ ಎಲೆಯ ಎಣ್ಣೆಯಲ್ಲಿ ಕರ್ಪೂರ ಇದೆ. ಕರ್ಪೂರದಂಥದ್ದಲ್ಲ, ಕರ್ಪೂರವೇ. ನೀಲಗಿರಿ ಎಣ್ಣೆಗೆ ಅದರ ವಾಸನೆ ಕೊಡುವ ಸಿನಿಯೋಲ್ ಎಂಬ ವಸ್ತು ಅದಕ್ಕಿಂತಲೂ ಹೆಚ್ಚಿದೆ. ಈ ಎರಡು ಹೆಸರು ನೆನಪಿರಲಿ. ಇವುಗಳ ಮೇಲೆ ನಡೆದ ಒಂದು ಜಗಳದ ಕಥೆ ಮುಂದೆ ಬರುತ್ತದೆ.

ಇಂಥ ಕಟ್ಟನ್ನು ಮೊದಲೇ ಕಂಡವರು ಕೈ ಎತ್ತಿ. ಹತ್ತು ಹನ್ನೆರಡು ಮಂದಿ ಇದ್ದೀರಿ. ಈಗ, ಗಿಡವನ್ನು ಅದರ ನೆಲದಲ್ಲಿ ನಿಂತಂತೆ ಕಂಡವರು? ಒಬ್ಬರು. ಈ ಲೆಕ್ಕವೇ ಇವತ್ತಿನ ಮಾತಿಗೆ ಕಾರಣ. ಎಲೆಯನ್ನು ಲೋಕವೆಲ್ಲ ಬಲ್ಲದು. ಅದು ಬಂದ ಇಳಿಜಾರನ್ನು ಬಲ್ಲವರು ಕಡಿಮೆ. ನನ್ನ ವಾದ ಇಷ್ಟು: ಈ ಗಿಡವನ್ನು ಆ ಇಳಿಜಾರಿನಿಂದ ಬೇರ್ಪಡಿಸಿದರೆ ಕೈಗೆ ಸಿಗುವುದು ವಾಸನೆ ಮಾತ್ರ.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ಇದು ವೈಟ್ ಸೇಜ್, ಶಾಸ್ತ್ರದ ಹೆಸರು ಸಾಲ್ವಿಯಾ ಏಪಿಯಾನಾ. ಸೇಜ್ ಅಂದರೆ ಋಷಿ ಅಂತಲೂ ಅರ್ಥ ಇದೆಯಲ್ಲ, ವರ್ಷಗಳ ಹಿಂದೆ ಒಂದು ಬರಹದಲ್ಲಿ ನಾನೇ ಜಂಬದಿಂದ ಇದಕ್ಕೆ ‘ಋಷಿಪತ್ರೆ’ ಎಂದು ಹೆಸರಿಟ್ಟಿದ್ದೆ. ತಪ್ಪು. ಅವು ಎರಡು ಬೇರೆ ಬೇರೆ ಪದಗಳು, ಇಂಗ್ಲಿಷಿಗೆ ಬಂದು ಒಂದೇ ವೇಷ ಹಾಕಿಕೊಂಡಿವೆ. ಗಿಡದ ಸೇಜ್ ಬಂದದ್ದು ಲ್ಯಾಟಿನ್ನಿನ ಸಾಲ್ವಿಯಾದಿಂದ, ಅದರ ಬೇರು ಆರೋಗ್ಯ, ಕ್ಷೇಮ ಎಂಬ ಅರ್ಥದಲ್ಲಿದೆ. ಜ್ಞಾನಿಯ ಸೇಜ್‌ಗೆ ಬೇರೆಯದೇ ಲ್ಯಾಟಿನ್ ಮೂಲ. ಹಾಗಾಗಿ ಋಷಿಯನ್ನು ಅವರ ಪಾಡಿಗೆ ಬಿಟ್ಟು ಬಿಳಿ ಸೇಜ್ ಎಂದೇ ಕರೆಯುತ್ತೇನೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ ಕುದುರೆ ಓಡುವಾಗ ಹಿಂದೆ ಮೈಲುಗಟ್ಟಲೆ ಬೂದುಬಣ್ಣದ ಪೊದೆಗಳು ಕಾಣುತ್ತವೆ. ಅವು ಸೇಜ್‌ಬ್ರಷ್. ಹೆಸರಲ್ಲಿ ಸೇಜ್ ಇದ್ದರೂ ಸೇಜ್ ಅಲ್ಲ. ಅದರ ನೆಂಟರು ಯಾರು ಗೊತ್ತೆ? ನಮ್ಮ ದವನ, ನಮ್ಮ ಮಾಚಿಪತ್ರೆ. ಅಂದರೆ ಸೂರ್ಯಕಾಂತಿಯ ಕುಟುಂಬ. ಬಿಳಿ ಸೇಜ್ ತುಂಬೆ, ತುಳಸಿ, ದೊಡ್ಡಪತ್ರೆಗಳ ಕುಟುಂಬದ್ದು. ತುಂಬೆ ಹೂವನ್ನು ಕಿತ್ತು ಬುಡದ ಸಿಹಿ ಹೀರಿದವರಿಗೆ ಈ ಕುಟುಂಬದ ಲಕ್ಷಣ ಹೇಳಿಕೊಡಬೇಕಿಲ್ಲ: ಚೌಕ ಕಾಂಡ, ಎದುರುಬದುರು ಎಲೆ, ಮೇಲ್ತುಟಿ ಕೆಳತುಟಿ ಇರುವ ಹೂ, ಹೂವೊಂದಕ್ಕೆ ನಾಲ್ಕು ಪುಟ್ಟ ಬೀಜ. ಈಗ ಎಲ್ಲರೂ ನೀರಿಗೆ ಹಾಕಿ ಕುಡಿಯುವ ಚಿಯಾ ಕೂಡ ಒಂದು ಸಾಲ್ವಿಯಾದ ಬೀಜ. ಸಾಲ್ವಿಯಾ ಕುಲದಲ್ಲಿ ಸುಮಾರು 1000 ಪ್ರಭೇದಗಳಿವೆ. ಒಂದು ಕುಲದಲ್ಲಿ ಇಷ್ಟು ಪ್ರಭೇದ ಎಂದರೆ ಊರಿಗೆ ಊರೇ ಒಂದೇ ಮನೆತನ ಎಂದಂತೆ.

ಸರಿ, ಈಗ ಇಳಿಜಾರಿಗೆ ಹೋಗೋಣ.

ಅಮೆರಿಕದ ಪಶ್ಚಿಮ ಕರಾವಳಿ, ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗ. ಉತ್ತರಕ್ಕೆ ಸಾಂಟಾ ಬಾರ್ಬರಾ ಜಿಲ್ಲೆ, ದಕ್ಷಿಣಕ್ಕೆ ಗಡಿ ದಾಟಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಮರುಭೂಮಿಯ ಅಂಚು. ಬಿಳಿ ಸೇಜ್ ಇಡೀ ಭೂಮಿಯ ಮೇಲೆ ತಾನಾಗಿ ಬೆಳೆಯುವುದು ಇಷ್ಟೇ ಜಾಗದಲ್ಲಿ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊದಂಥ ನಗರಗಳು ಎದ್ದಿರುವುದೂ ಇದೇ ಪಟ್ಟಿಯಲ್ಲಿ ಎಂಬುದನ್ನು ಗಮನಿಸಿ.

ಅಲ್ಲಿನ ಕಾಲಮಾನ ನಮ್ಮದಕ್ಕೆ ತಲೆಕೆಳಗು. ನಮ್ಮಲ್ಲಿ ಜೂನ್ ಅಂದರೆ ಮುಂಗಾರು, ಗಿಡಗಳಿಗೆ ಹಬ್ಬ. ಅಲ್ಲಿ ಜೂನ್ ಅಂದರೆ ಬೀಗ ಹಾಕುವ ಕಾಲ. ಮಳೆ ಬೀಳುವುದು ಚಳಿಗಾಲದಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ. ಆಮೇಲೆ ಆರು ತಿಂಗಳು ಹನಿ ಕಾಣುವುದು ಅಪರೂಪ. ಕರಾವಳಿಗೆ ಹತ್ತಿರ ಬೆಳಗಿನ ಹೊತ್ತು ಸಮುದ್ರದಿಂದ ಮಂಜು ಬಂದು ಸ್ವಲ್ಪ ತಂಪು ಕೊಟ್ಟು ಹೋಗುತ್ತದೆ. ಚಳಿಗಾಲದ ಮಳೆ, ಬೇಸಿಗೆಯ ಒಣಗು, ಇಂಥ ಹವಾಮಾನ ಜಗತ್ತಿನ ಐದೇ ಕಡೆ ಇದೆ: ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ಆಫ್ರಿಕಾದ ದಕ್ಷಿಣ ತುದಿ, ಆಸ್ಟ್ರೇಲಿಯಾದ ದಕ್ಷಿಣದ ಕೆಲವು ಭಾಗ. ಇವುಗಳಲ್ಲಿ ಹೆಚ್ಚಿನ ಕಡೆ ಗಿಡಗಳು ಕುಳ್ಳು, ಪರಿಮಳ ಹೆಚ್ಚು, ಬೆಂಕಿಗೆ ಹಳೆಯ ಪರಿಚಯ.

ಬೆಟ್ಟದ ಕೆಳಭಾಗದ, ಬಿಸಿಲು ಬೀಳುವ, ಕಲ್ಲು ಬೆರೆತ, ನೀರು ನಿಲ್ಲದ ಇಳಿಜಾರು ಇದಕ್ಕೆ ಇಷ್ಟ. ಅಲ್ಲಿನ ಸಸ್ಯಸಮೂಹಕ್ಕೆ ಕೋಸ್ಟಲ್ ಸೇಜ್ ಸ್ಕ್ರಬ್ ಎನ್ನುತ್ತಾರೆ, ಕರಾವಳಿಯ ಸೇಜ್ ಕುರುಚಲು ಅನ್ನಬಹುದು. ಇನ್ನೂ ಮೇಲೆ ಹತ್ತಿದರೆ ಚಾಪರಲ್ ಎಂಬ ಗಟ್ಟಿ ಎಲೆಯ ಕುರುಚಲು ಕಾಡು ಸಿಗುತ್ತದೆ. ಅದರಲ್ಲಿ ನುಗ್ಗಿದರೆ ಅಂಗಿ ಹರಿಯುತ್ತದೆ. ಸೇಜ್ ಕುರುಚಲಲ್ಲಿ ನಡೆದರೆ ಅಂಗಿಗೆ ವಾಸನೆ ಹತ್ತುತ್ತದೆ, ಅಷ್ಟೆ. ಅದಕ್ಕೇ ಇದನ್ನು ಮೆತ್ತನೆಯ ಚಾಪರಲ್ ಎಂದೂ ಕರೆಯುತ್ತಾರೆ. ಎರಡರ ಬದುಕಿನ ಲೆಕ್ಕಾಚಾರವೂ ಬೇರೆ. ಚಾಪರಲ್ಲಿನ ಗಿಡಗಳು ಆಳಕ್ಕೆ ಬೇರಿಳಿಸಿ, ಎಲೆಯನ್ನು ಚರ್ಮದಂತೆ ಗಟ್ಟಿ ಮಾಡಿಕೊಂಡು ವರ್ಷವಿಡೀ ಹಸಿರಾಗಿರುತ್ತವೆ. ಸೇಜ್ ಕುರುಚಲಿನವು ಮೇಲ್ಪದರದಲ್ಲೇ ಬೇರು ಹರಡಿ ಮಳೆ ಬಂದಾಗ ಗಬಗಬನೆ ಕುಡಿದು, ಒಣಗಾಲ ಬಂದರೆ ದೊಡ್ಡ ಎಲೆಗಳನ್ನು ಉದುರಿಸಿ ಸಣ್ಣ ಎಲೆಗಳಲ್ಲಿ ದಿನ ದೂಡುತ್ತವೆ. ಉಳ್ಳವರ ಉಳಿತಾಯ ಒಂದು ಬಗೆ, ದಿನಗೂಲಿಯವರ ಜಾಣತನ ಇನ್ನೊಂದು ಬಗೆ.

ಬಿಳಿ ಸೇಜ್ ಪೊದೆ ಒಂದರಿಂದ ಎರಡು ಮೀಟರ್ ಎತ್ತರ ಬರುತ್ತದೆ. ಎಲೆ ಬೆರಳುದ್ದ, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ದೂರದಿಂದ ನೋಡಿದರೆ ಯಾರೋ ಇಡೀ ಪೊದೆಯ ಮೇಲೆ ವಿಭೂತಿ ಎರಚಿದಂತೆ. ಹತ್ತಿರ ಹೋಗಿ ಭೂತಗನ್ನಡಿ ಹಿಡಿದರೆ ಅದು ಪುಡಿಯಲ್ಲ, ಒತ್ತೊತ್ತಾಗಿ ಮಲಗಿರುವ ಸೂಕ್ಷ್ಮ ರೋಮ. ಬಿಸಿಲನ್ನು ಹಿಂದಕ್ಕೆ ಕಳಿಸುವುದು, ಎಲೆಯ ಮೇಲೆ ಹಾಯುವ ಒಣಗಾಳಿಯನ್ನು ತಡೆದು ನೀರು ಉಳಿಸುವುದು ಅದರ ಕೆಲಸ. ರೋಮಗಳ ನಡುವೆ ಎಣ್ಣೆಯ ಪುಟ್ಟ ಗ್ರಂಥಿಗಳು. ಮಧ್ಯಾಹ್ನದ ಬಿಸಿಲಲ್ಲಿ ಗಿಡ ಮುಟ್ಟದೆ ಪಕ್ಕದಲ್ಲಿ ನಿಂತರೂ ವಾಸನೆ ಬರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟು, ಆ ಅಂಟು ರಾತ್ರಿ ಊಟದ ಹೊತ್ತಿಗೂ ಬಿಟ್ಟಿರುವುದಿಲ್ಲ.

ಅಕ್ಕಪಕ್ಕದವರನ್ನೂ ಪರಿಚಯ ಮಾಡಿಕೊಡಬೇಕು. ಕ್ಯಾಲಿಫೋರ್ನಿಯಾ ಸೇಜ್‌ಬ್ರಷ್, ನಾನು ಹೇಳಿದ ದವನದ ನೆಂಟ. ಕ್ಯಾಲಿಫೋರ್ನಿಯಾ ಬಕ್‌ವೀಟ್, ಇದರ ಬಿಳಿ ಹೂಗೊಂಚಲು ಶರತ್ಕಾಲಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಸೇಜ್, ಬಿಳಿ ಸೇಜ್‌ನ ದಾಯಾದಿ. ಅಲ್ಲಲ್ಲಿ ಪಾಪಾಸುಕಳ್ಳಿ. ಇವುಗಳ ನಡುವೆ ಒಂದು ಹಕ್ಕಿ: ಕ್ಯಾಲಿಫೋರ್ನಿಯಾ ನ್ಯಾಟ್‌ಕ್ಯಾಚರ್. ಆರು ಗ್ರಾಂ ತೂಕ, ಬೆಕ್ಕಿನ ಮರಿಯ ಹಾಗೆ ಮಿಯಾಂವ್ ಎನ್ನುವ ದನಿ. ಅದು ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು. ಆ ಹಕ್ಕಿಗೆ ಈ ಕುರುಚಲು ಬಿಟ್ಟರೆ ಬೇರೆ ಮನೆಯಿಲ್ಲ. ಮನೆ, ರಸ್ತೆ, ತೋಟಗಳಿಗಾಗಿ ಕುರುಚಲಿನ ಬಹುಪಾಲು ಹೋಗಿಬಿಟ್ಟಿದೆ. 70ರಿಂದ 90 ಪ್ರತಿಶತ ಎಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ. 1993ರಲ್ಲಿ ಅಮೆರಿಕ ಸರ್ಕಾರ ಈ ಹಕ್ಕಿಯನ್ನು ಅಪಾಯಕ್ಕೆ ಸಿಲುಕಿದ ಜೀವಿ ಎಂದು ಪಟ್ಟಿ ಮಾಡಿತು. ಆಗ ಕಟ್ಟಡದ ಕಂಪನಿಗಳೂ ಸರ್ಕಾರವೂ ಪರಿಸರದವರೂ ಒಂದೇ ಮೇಜಿಗೆ ಬರಬೇಕಾಯಿತು. ಇಲ್ಲದಿದ್ದರೆ ಸೈಟಿಗೆ ಯೋಗ್ಯವಾದ ಖಾಲಿ ಜಾಗ ಎಂದೇ ಎಲ್ಲರೂ ಕಂಡಿದ್ದ ಇಳಿಜಾರು ಅದು. ಆರು ಗ್ರಾಮಿನ ಹಕ್ಕಿ ಬುಲ್ಡೋಜರನ್ನು ತಡೆದು ನಿಲ್ಲಿಸಿತು. ಎಲ್ಲ ಕಡೆ ಅಲ್ಲ, ಕೆಲವು ಕಡೆ.

ಈಗ ಆ ಜಗಳದ ಕಥೆ. ಇದು ಬಿಳಿ ಸೇಜ್‌ನದಲ್ಲ, ಅದರ ಅಕ್ಕನೆನ್ನಬಹುದಾದ ನೇರಳೆ ಸೇಜ್‌ನದು, ಸಾಲ್ವಿಯಾ ಲ್ಯೂಕೋಫಿಲ್ಲಾ. ಅದರಲ್ಲೂ ಅದೇ ಕರ್ಪೂರ, ಅದೇ ಸಿನಿಯೋಲ್. ಸಾಂಟಾ ಬಾರ್ಬರಾ ಕಡೆಯ ಬೆಟ್ಟಗಳನ್ನು ಎತ್ತರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸೇಜ್ ಪೊದೆಗಳ ಗುಂಪು, ಅದರ ಸುತ್ತ ಒಂದೆರಡು ಮೀಟರ್ ಅಗಲ ಬೋಳು ನೆಲ, ಅದರಾಚೆ ಹುಲ್ಲು. ರಂಗೋಲಿಗೆ ಅಂಚು ಬಿಟ್ಟಂತೆ. ಯಾಕೆ?

1964ರಲ್ಲಿ ಕಾರ್ನೆಲಿಯಸ್ ಮುಲ್ಲರ್ ಎಂಬ ಸಸ್ಯವಿಜ್ಞಾನಿ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಸೇಜ್‌ನ ಎಲೆಯಿಂದ ಏಳುವ ಕರ್ಪೂರ, ಸಿನಿಯೋಲ್‌ಗಳ ಆವಿ ಮಣ್ಣಿಗಿಳಿದು ಹುಲ್ಲಿನ ಮೊಳಕೆಯನ್ನು ಕೊಲ್ಲುತ್ತದೆ. ಗಿಡವೊಂದು ತನ್ನ ನೆರೆಯವರ ಮೇಲೆ ವಿಷವಾಯು ಬಿಡುತ್ತದೆ! ಪ್ರಯೋಗಶಾಲೆಯಲ್ಲಿ ಮಾಡಿಯೂ ತೋರಿಸಿದರು, ಆವಿಯಲ್ಲಿಟ್ಟ ಮೊಳಕೆಗಳು ಬೆಳೆಯಲಿಲ್ಲ. ಕಥೆ ಚೆನ್ನಾಗಿತ್ತು, ಪಠ್ಯಪುಸ್ತಕಗಳಿಗೆ ಹೋಯಿತು. ನಾನು ವಿದ್ಯಾರ್ಥಿಯಾಗಿದ್ದಾಗ ಓದಿ ಪರೀಕ್ಷೆಯಲ್ಲಿ ಬರೆದದ್ದೂ ಇದನ್ನೇ.

1970ರಲ್ಲಿ ಬ್ರೂಸ್ ಬಾರ್ತಲೋಮ್ಯೂ ಎಂಬ ಯುವಕ ಬಹಳ ಸಾದಾ ಕೆಲಸವೊಂದನ್ನು ಮಾಡಿದ. ಬೋಳು ನೆಲದ ಮೇಲೆ ತಂತಿಜಾಲರಿಯ ಪಂಜರ ಇಟ್ಟ. ಆವಿಗೆ ಜಾಲರಿ ಅಡ್ಡಿಯಲ್ಲ, ಆದರೆ ಇಲಿ, ಮೊಲ, ಹಕ್ಕಿಗಳಿಗೆ ಅಡ್ಡಿ. ಪಂಜರದ ಒಳಗೆ ಹುಲ್ಲು ಬೆಳೆಯಿತು. ಹೊರಗೆ ಬೋಳು ಹಾಗೆಯೇ ಉಳಿಯಿತು. ಇಲಿ, ಮೊಲಗಳು ಪೊದೆಯ ಮರೆಯಲ್ಲಿ ಇರುತ್ತವೆ. ಮೇಲೆ ಗಿಡುಗ ಸುತ್ತುತ್ತಿರುವಾಗ ಬಯಲಿಗೆ ಬರಲು ಹೆದರಿ, ಓಡಿ ವಾಪಸು ಬರಬಹುದಾದಷ್ಟು ದೂರದ ಹುಲ್ಲನ್ನೂ ಬೀಜವನ್ನೂ ಮಾತ್ರ ಮೇಯುತ್ತವೆ. ಒಂದೆರಡು ಮೀಟರ್ ಅಗಲದ ಆ ಬೋಳು ಪಟ್ಟಿ ಇಲಿಯ ಧೈರ್ಯದ ಅಳತೆ!

ಮುಲ್ಲರ್ ಸುಲಭಕ್ಕೆ ಒಪ್ಪಲಿಲ್ಲ, ಆವಿಗೂ ಪಾತ್ರವಿದೆ ಎಂದು ವಾದಿಸುತ್ತಲೇ ಇದ್ದರು. ಆವಿಯ ಪರಿಣಾಮ ಸೊನ್ನೆ ಎಂದು ನಾನೂ ಹೇಳುತ್ತಿಲ್ಲ. ಆದರೆ ನನಗೆ ಈ ಕಥೆಯಲ್ಲಿ ಹಿಡಿಸುವುದು ಬೇರೆ. ವಾಸನೆ ಅಷ್ಟು ಗಾಢವಾಗಿದ್ದರಿಂದ ಎಲ್ಲದಕ್ಕೂ ಅದೇ ಕಾರಣ ಅನ್ನಿಸಿಬಿಟ್ಟಿತು. ಪೊದೆಯೊಳಗೆ ಉಸಿರು ಬಿಗಿಹಿಡಿದು ಕೂತ ಇಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಈ ಕಟ್ಟನ್ನು ಹಚ್ಚುವವರೂ ಅದೇ ಸಾಲಿನವರು, ಮೂಗಿಗೆ ಬಡಿದದ್ದರ ಮೇಲೆ ಅತಿ ನಂಬಿಕೆ.

ಹೂವಿನ ಮಾತಿಗೆ ಬರೋಣ. ಏಪ್ರಿಲ್‌ನಿಂದ ಜುಲೈವರೆಗೆ ಪೊದೆಯ ಮೇಲಕ್ಕೆ ಆಳೆತ್ತರದ ದಂಟುಗಳು ಏಳುತ್ತವೆ. ದಂಟಿನ ತುಂಬ ಬಿಳಿ, ಕೆಲವೊಮ್ಮೆ ತಿಳಿ ನೇರಳೆ ಛಾಯೆಯ ಹೂಗಳು, ಒಂದೊಂದೂ ಒಂದೆರಡು ಸೆಂಟಿಮೀಟರ್. ಸಾಲ್ವಿಯಾ ಹೂವಿನ ಯಂತ್ರ ಪ್ರಸಿದ್ಧ. ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲೇ ಅದನ್ನು ಚಿತ್ರ ಸಮೇತ ವಿವರಿಸಿದ್ದ. ಯುರೋಪಿನ ಹುಲ್ಲುಗಾವಲಿನ ಸೇಜ್‌ನಲ್ಲಿ ಕೇಸರ ಏತದ ಹಾಗೆ ಕೆಲಸ ಮಾಡುತ್ತದೆ. ಜೇನ್ನೊಣ ಒಳಗೆ ತಲೆ ತುರುಕಿ ಒಂದು ತುದಿಯನ್ನು ಒತ್ತಿದರೆ ಇನ್ನೊಂದು ತುದಿ ಬಾಗಿ ಬೆನ್ನಿಗೆ ಪರಾಗ ಬಳಿಯುತ್ತದೆ. ಬಿಳಿ ಸೇಜ್‌ನಲ್ಲಿ ಆ ಏತವಿಲ್ಲ. ಒತ್ತುವ ತುದಿಯನ್ನೇ ಅದು ಕಳೆದುಕೊಂಡಿದೆ.

ಬದಲಿಗೆ ಕೆಳತುಟಿಯನ್ನು ಬಾಗಿಲು ಮಾಡಿಕೊಂಡಿದೆ. ಅಗಲವಾದ ಕೆಳತುಟಿ ಮೇಲಕ್ಕೆ ಮಡಚಿ ಹೂವಿನ ಬಾಯನ್ನು ಮುಚ್ಚಿರುತ್ತದೆ. ಎರಡು ಕೇಸರಗಳೂ ಶಲಾಕೆಯೂ ಹೂವಿನಿಂದಾಚೆಗೆ, ಬದಿಗೆ ಚಾಚಿಕೊಂಡಿರುತ್ತವೆ. ದುಂಬಿ, ಅದರಲ್ಲೂ ಮರ ಕೊರೆಯುವ ಕಪ್ಪು ದುಂಬಿ ಬಂದು ಕೂತರೆ ಅದರ ಭಾರಕ್ಕೆ ತುಟಿ ಕೆಳಗೆ ಬಾಗಿ ಬಾಗಿಲು ತೆರೆಯುತ್ತದೆ. ಅದರ ದೊಡ್ಡ ದೇಹದ ಪಕ್ಕಕ್ಕೆ, ರೆಕ್ಕೆಗೆ ಕೇಸರ ತಾಗಿ ಪರಾಗ ಅಂಟುತ್ತದೆ. ಭಾರವಿಲ್ಲದವರಿಗೆ ಬಾಗಿಲು ಹೀಗೆ ತೆರೆಯುವುದಿಲ್ಲ. ಒಳನುಸುಳಿದರೂ ಕೇಸರ ಮೈಗೆ ಸಿಗುವುದಿಲ್ಲ.

ಈಗ ಹೆಸರನ್ನು ನೆನಪಿಸಿಕೊಳ್ಳಿ. ಏಪಿಯಾನಾ, ಅಂದರೆ ಜೇನ್ನೊಣಕ್ಕೆ ಸೇರಿದ್ದು. ಮೊದಲು ಇದಕ್ಕೆ ಜಾರ್ಜ್ ಬೆಂಥಮ್ ಆಡಿಬರ್ಟಿಯಾ ಪಾಲಿಸ್ಟೇಕಿಯಾ ಎಂದು ಹೆಸರಿಟ್ಟಿದ್ದ. ಸಾಲ್ವಿಯಾ ಕುಲಕ್ಕೆ ಸೇರಿಸಬೇಕಾದಾಗ ಪಾಲಿಸ್ಟೇಕಿಯಾ ಎಂಬ ಹೆಸರು ಮೆಕ್ಸಿಕೋದ ಇನ್ನೊಂದು ಸಾಲ್ವಿಯಾಕ್ಕೆ ಆಗಲೇ ಹೋಗಿತ್ತು. 1908ರಲ್ಲಿ ಕ್ಯಾಲಿಫೋರ್ನಿಯಾದ ವಿಲ್ಲಿಸ್ ಜೆಪ್ಸನ್ ಕೊಟ್ಟ ಹೊಸ ಹೆಸರು ಏಪಿಯಾನಾ. ಆ ಹೊತ್ತಿಗೆ ಸೇಜ್ ಜೇನಿನದು ಅಲ್ಲಿ ದೊಡ್ಡ ವ್ಯವಹಾರ. ಜಾನ್ ಹಾರ್ಬಿಸನ್ ಎಂಬಾತ 1869ರಲ್ಲಿ ಜೇನುಪೆಟ್ಟಿಗೆಗಳನ್ನು ಸ್ಯಾನ್ ಡಿಯಾಗೊಗೆ ತಂದಿಳಿಸಿದ ಮೇಲೆ ಆ ಬೆಟ್ಟಗಳ ಜೇನು ರೈಲಿನಲ್ಲಿ ಅಮೆರಿಕದ ಪೂರ್ವದ ಪೇಟೆಗಳಿಗೆ ಹೋಗತೊಡಗಿತ್ತು. ತಮಾಷೆ ನೋಡಿ, ಸಾಕು ಜೇನ್ನೊಣ ಅಮೆರಿಕದ್ದೇ ಅಲ್ಲ, ಯುರೋಪಿನಿಂದ ವಲಸೆ ಹೋದದ್ದು. ಬಿಳಿ ಸೇಜ್‌ಗೆ ಅದರಿಂದ ಹೆಚ್ಚಿನ ಉಪಕಾರವೂ ಇಲ್ಲ, ಮಕರಂದ ಹೀರಿ ಕೇಸರ ಮುಟ್ಟದೆ ಹೊರಡುವುದೇ ಹೆಚ್ಚು. ದುಡಿಯುವ ದುಂಬಿಯ ಹೆಸರು ಎಲ್ಲೂ ಇಲ್ಲ. ಹೆಸರಿಟ್ಟದ್ದು ಗಿಡದ ಕಣ್ಣಿನಿಂದಲ್ಲ, ಜೇನು ಉಣ್ಣುವವರ ನಾಲಗೆಯಿಂದ.

ಈ ಬಾಗಿಲಿನಿಂದ ಇನ್ನೊಂದು ಪ್ರಯೋಜನ ಇದೆ. ಪಕ್ಕದಲ್ಲೇ ಕಪ್ಪು ಸೇಜ್ ಇದೆ ಅಂದೆನಲ್ಲ. ಎರಡರ ನಡುವೆ ಸಂಕರ ಸಾಧ್ಯ, ಸಂತತಿಯೂ ಆಗುತ್ತದೆ. ಆದರೂ ಸಾವಿರಾರು ಗಿಡಗಳು ಒತ್ತಿ ನಿಂತ ಇಳಿಜಾರಿನಲ್ಲಿ ಸಂಕರ ಅಪರೂಪ. ವರ್ನ್ ಗ್ರಾಂಟ್ ಮತ್ತು ಕ್ಯಾರೆನ್ ಗ್ರಾಂಟ್ ದಂಪತಿ 1964ರಲ್ಲಿ ಇದರ ಗುಟ್ಟು ವಿವರಿಸಿದರು. ಕಪ್ಪು ಸೇಜ್ ಮುಂಚೆ ಹೂಬಿಡುತ್ತದೆ, ಹೂ ಚಿಕ್ಕದು, ಸಣ್ಣ ನೊಣಗಳ ಬೆನ್ನಿಗೆ ಪರಾಗ ಹಚ್ಚುತ್ತದೆ. ಬಿಳಿ ಸೇಜ್ ತಡವಾಗಿ ಹೂಬಿಟ್ಟು ದೊಡ್ಡ ದುಂಬಿಯ ಪಕ್ಕೆಗೆ ಹಚ್ಚುತ್ತದೆ. ಒಂದೇ ಓಣಿಯ ಎರಡು ಮನೆ, ಬಂದು ಹೋಗುವ ನೆಂಟರೇ ಬೇರೆ. ಸಸ್ಯಗಳಲ್ಲಿ ಹೂವಿನ ಆಕಾರವೇ ಎರಡು ಪ್ರಭೇದಗಳನ್ನು ದೂರ ಇಡುವುದಕ್ಕೆ ಇದು ಇವತ್ತಿಗೂ ಪಾಠ ಮಾಡುವ ಉದಾಹರಣೆ.

ಆ ಗೋಡೆ ಎಲ್ಲಿ ಒಡೆಯುತ್ತದೆ? ಎಡ್ಗರ್ ಆಂಡರ್ಸನ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬಳಿ ಪಾಳುಬಿದ್ದ ಆಲಿವ್ ತೋಟವೊಂದರಲ್ಲಿ ಮಿಶ್ರ ಗಿಡಗಳು ತುಂಬಿಕೊಂಡಿದ್ದನ್ನು ಕಂಡರು. ಅಪ್ಪನ ನೆಲವೂ ಅಲ್ಲದ, ಅಮ್ಮನ ನೆಲವೂ ಅಲ್ಲದ, ಮನುಷ್ಯ ಕಲಕಿ ಬಿಟ್ಟ ಜಾಗ. ಮಿಶ್ರ ಬೀಜ ಬೇರೆ ಕಡೆಯೂ ಬಿದ್ದಿರಬಹುದು, ಬದುಕಲು ಜಾಗ ಸಿಕ್ಕಿದ್ದು ಅಲ್ಲಿ. ನೆಲ ತಾನು ಮೊದಲು ಸಂಕರವಾಗಬೇಕು, ಆಮೇಲೆ ಗಿಡ ಎಂಬುದು ಆಂಡರ್ಸನ್ ಅವರ ವಿಚಾರ. ನಾನು ಇಳಿಜಾರು ಇಳಿಜಾರು ಅಂತ ಜಪ ಮಾಡುತ್ತಿರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಇಲ್ಲ.

ಇನ್ನು ಜನ. ಚುಮಾಶ್, ಟೋಂಗ್ವಾ, ಕಾಹುವಿಯಾ, ಲುಯಿಸೆನ್ಯೊ, ಕುಮೇಯಾಯ್ ಮುಂತಾದ ಮೂಲನಿವಾಸಿಗಳಿಗೆ ಈ ಗಿಡ ಹೊಗೆಗಿಂತ ಮೊದಲು ಮನೆಯ ಗಿಡ. ಕಾಹುವಿಯಾ ಜನ ಬೇಸಿಗೆಯಲ್ಲಿ ಬುಟ್ಟಿ ಹಿಡಿದು ದಂಟುಗಳನ್ನು ಬಡಿದು ಬೀಜ ಉದುರಿಸಿ, ಹುರಿದು, ಬೀಸಿ, ಅಂಬಲಿ ಮಾಡುತ್ತಿದ್ದರು. ಎಲೆ ನೆಗಡಿಗೆ, ತಲೆ ತೊಳೆಯುವುದಕ್ಕೆ, ಬೇಟೆಗೆ ಹೋಗುವ ಮುಂಚೆ ಮೈವಾಸನೆ ಮರೆಸುವುದಕ್ಕೆ. ಕಣ್ಣಿಗೆ ಕಸ ಬಿದ್ದರೆ ಬೀಜವೊಂದನ್ನು ರೆಪ್ಪೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಪೂಜೆ, ಪ್ರಾರ್ಥನೆಯಲ್ಲೂ ಇದಕ್ಕೆ ಸ್ಥಾನವಿತ್ತು, ಇದೆ. ಆದರೆ 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಆಚರಣೆಗಳನ್ನು ಅಪರಾಧವೆಂದು ಸಾರುವ ನಿಯಮಗಳನ್ನು ತಂದಿತು. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಯುವ ಕಾನೂನು ಬಂದದ್ದು 1978ರಲ್ಲಿ. ಅವರು ಹಚ್ಚಿದರೆ ಶಿಕ್ಷೆ ಎಂದಿದ್ದ ಎಲೆ ಕೆಲವೇ ದಶಕಗಳಲ್ಲಿ ಜಗತ್ತಿನ ಎಲ್ಲ ಮೂಲೆಗೂ ಪೊಟ್ಟಣದಲ್ಲಿ ಹೋಗುವ ಸರಕಾಯಿತು. ಅವರಿಗೆ ಸಿಟ್ಟು ಬರುವುದು ಯಾಕೆಂದು ನನ್ನನ್ನು ಕೇಳಬೇಡಿ.

ಸರಕು ಎಲ್ಲಿಂದ ಬರುತ್ತದೆ? ತೋಟದಲ್ಲಿ ಬೆಳೆದು ಮಾರುವವರಿದ್ದಾರೆ, ನಿಜ. ಆದರೆ ಬಹಳಷ್ಟು ಕಾಡಿನಿಂದಲೇ ಬರುತ್ತದೆ. ರಾಂಚೊ ಕುಕಮಾಂಗಾ ಎಂಬ ನಗರದ ಮೇಲುಗಡೆ, ಸ್ಯಾನ್ ಗೇಬ್ರಿಯಲ್ ಬೆಟ್ಟದ ಬುಡದಲ್ಲಿ, ಹಳ್ಳಗಳು ತಂದು ಸುರಿದ ಕಲ್ಲುಮಣ್ಣಿನ ಬೀಸಣಿಗೆಯಾಕಾರದ ನೆಲದಲ್ಲಿ ನಾರ್ತ್ ಎಟಿವಾಂಡಾ ಎಂಬ ರಕ್ಷಿತ ಪ್ರದೇಶವಿದೆ. ಹೆದ್ದಾರಿಯೊಂದಕ್ಕೆ ಹೋದ ನೆಲಕ್ಕೆ ಪ್ರತಿಯಾಗಿ 1998ರಲ್ಲಿ ಉಳಿಸಿಕೊಂಡದ್ದು. ಅಲ್ಲಿ ಬಿಳಿ ಸೇಜ್ ದಟ್ಟ. 2018ರಲ್ಲಿ ಅಲ್ಲಿ ನಾಲ್ವರು ಸಿಕ್ಕಿಬಿದ್ದರು, ಜೊತೆಗೆ ಸುಮಾರು 400 ಪೌಂಡ್ ಎಲೆ, ಅಂದರೆ 180 ಕಿಲೊ. ಹಸಿ ಎಲೆಯ ತೂಕ ಎಷ್ಟೆಂದು ಬಲ್ಲವರು ಎಷ್ಟು ಪೊದೆ ಬೋಳಾಗಿರಬೇಕು ಎಂದು ಊಹಿಸಿ. ಭೂಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಗಿಡ ಕೊಯ್ಯುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಆದರೆ ಬಿಳಿ ಸೇಜ್ ಅಪಾಯದ ಜೀವಿಗಳ ಕಾನೂನಿನ ಪಟ್ಟಿಯಲ್ಲಿ ಇಲ್ಲ. ಕೊಯ್ಯುವವರಲ್ಲಿ ಹೆಚ್ಚಿನವರು ದಿನಗೂಲಿಯ ಬಡವರು, ಲಾಭ ಅವರ ಜೇಬಿಗೆ ಹೋಗುವುದಿಲ್ಲ. ಅವರನ್ನು ಬೈದು ನಾನು ಮುಗಿಸಲಾರೆ.

ಆದರೂ ನನ್ನನ್ನು ಕೇಳಿದರೆ, ಕತ್ತಿಗಿಂತ ದೊಡ್ಡ ತೊಂದರೆ ಹುಲ್ಲು. ಆಶ್ಚರ್ಯವಾಯಿತೆ? ಬೆಂಕಿ ಈ ಗಿಡಕ್ಕೆ ಹೊಸದಲ್ಲ. ಶರತ್ಕಾಲದಲ್ಲಿ ಮರುಭೂಮಿ ಕಡೆಯಿಂದ ಸಾಂಟಾ ಆನಾ ಎಂಬ ಬಿಸಿಗಾಳಿ ಇಳಿಯುತ್ತದೆ. ಆಗ ಒಂದು ಕಿಡಿ ಸಾಕು. ಬೆಂದ ಮೇಲೆ ಬುಡ ಉಳಿದಿದ್ದರೆ ಬಿಳಿ ಸೇಜ್ ಮತ್ತೆ ಚಿಗುರುತ್ತದೆ, ಬೀಜವೂ ಮೊಳೆಯುತ್ತದೆ. ಅದಕ್ಕೆ ಬೇಕಾದದ್ದು ಎರಡು ಬೆಂಕಿಗಳ ನಡುವೆ ಸಾಕಷ್ಟು ವರ್ಷಗಳ ಬಿಡುವು. 2003ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೊ ಜಿಲ್ಲೆಯಲ್ಲಿ ದಾರಿ ತಪ್ಪಿದ ಬೇಟೆಗಾರನೊಬ್ಬ ಸಹಾಯಕ್ಕೆಂದು ಹಚ್ಚಿದ ಬೆಂಕಿ ಸುಮಾರು 1.1 ಲಕ್ಷ ಹೆಕ್ಟೇರ್ ಸುಟ್ಟಿತು. 2007ರ ಅಕ್ಟೋಬರಿನಲ್ಲಿ ಮತ್ತೆ ದೊಡ್ಡ ಬೆಂಕಿಗಳು, ನಾಲ್ಕು ವರ್ಷದ ಹಿಂದೆ ಬೆಂದಿದ್ದ ಕೆಲವು ನೆಲ ಮತ್ತೊಮ್ಮೆ ಬೆಂದಿತು. ನಾಲ್ಕು ವರ್ಷ ಪೊದೆಗೆ ಏನೂ ಅಲ್ಲ. ಬೇರಿನಲ್ಲಿ ಗಂಟು ಕಟ್ಟಿಟ್ಟದ್ದನ್ನು ಒಮ್ಮೆ ಖರ್ಚು ಮಾಡಿ ಇನ್ನೂ ತುಂಬಿಸಿಕೊಂಡಿರುವುದಿಲ್ಲ, ಮಣ್ಣಿನಲ್ಲಿ ಬೀಜದ ದಾಸ್ತಾನೂ ಆಗಿರುವುದಿಲ್ಲ.

ಆ ಖಾಲಿಗೆ ನುಗ್ಗುವುದು ಮೆಡಿಟರೇನಿಯನ್ ಕಡೆಯಿಂದ ದನಕರುಗಳ ಜೊತೆ ಬಂದ ಬ್ರೋಮ್ ಹುಲ್ಲು, ಕಾಡು ಓಟ್ಸ್. ಒಂದು ಮಳೆಗಾಲದಲ್ಲಿ ಹುಟ್ಟಿ, ಮೇ ಹೊತ್ತಿಗೆ ಒಣಗಿ, ಬೀಜ ಉದುರಿಸಿ, ಬೆಂಕಿಗೆ ಹಾಸಿಗೆ ಹಾಸಿಟ್ಟು ಸಾಯುತ್ತವೆ. ಹಿಂದೆ ಪೊದೆ ಪೊದೆಯ ನಡುವೆ ಖಾಲಿ ಮಣ್ಣಿತ್ತು, ಬೆಂಕಿ ಅಲ್ಲಿ ತಡವರಿಸುತ್ತಿತ್ತು. ಈಗ ಅಲ್ಲಿ ಒಣಹುಲ್ಲಿನ ಬತ್ತಿ. ಬೆಂಕಿ ಹೆಚ್ಚಿದಷ್ಟೂ ಹುಲ್ಲು ಹೆಚ್ಚು, ಹುಲ್ಲು ಹೆಚ್ಚಿದಷ್ಟೂ ಬೆಂಕಿ ಹೆಚ್ಚು. ಇದಕ್ಕೆ ನಗರ ಮೇಲಿನಿಂದ ಗೊಬ್ಬರವನ್ನೂ ಹಾಕುತ್ತಿದೆ. ಲಾಸ್ ಏಂಜಲೀಸ್‌ನ ವಾಹನಗಳ ಹೊಗೆಯಲ್ಲಿನ ಸಾರಜನಕ ಗಾಳಿಯ ಜೊತೆ ಒಳನಾಡಿನ ಬೆಟ್ಟಗಳ ಮೇಲೆ ಇಳಿಯುತ್ತದೆ. ಬಡ ಮಣ್ಣಿಗೆ ಒಗ್ಗಿದ ಸೇಜ್‌ಗೆ ಅದರಿಂದ ಅಂಥ ಲಾಭವಿಲ್ಲ, ಹುಲ್ಲಿಗೆ ಯೂರಿಯಾ ಎರಚಿದಂತೆ. ಇದನ್ನು ರಿವರ್‌ಸೈಡ್‌ನ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಳೆದು ತೋರಿಸಿದ್ದಾರೆ. ಯಾರೂ ಕತ್ತಿ ಹಿಡಿದು ಹತ್ತದ ಇಳಿಜಾರಿನಲ್ಲೂ ಸೇಜ್ ಕಡಿಮೆಯಾಗುತ್ತಿರುವುದು ಹೀಗೆ.

ಬೆಂದು ಒಂದು ವರ್ಷವಾದ ಅಂಥ ಇಳಿಜಾರೊಂದನ್ನು ನಾನು ಹತ್ತಿದ್ದೇನೆ. ಕರಿ ಮೋಟುಗಳ ಬುಡದಿಂದ ಬಿಳಿ ಎಲೆ ಹೊರಟಿತ್ತು, ಮಸಿಯ ಹಿನ್ನೆಲೆಯಲ್ಲಿ ಆ ಬಿಳುಪು ಕಣ್ಣು ಚುಚ್ಚುವಷ್ಟು. ಹುಲ್ಲು ಆಗಲೇ ಮೊಣಕಾಲು ಮುಟ್ಟುತ್ತಿತ್ತು. ಪೊದೆಗಳನ್ನು ಎಣಿಸುತ್ತ ಹೋದೆ. ಮೂವತ್ತೇಳು ಮೋಟುಗಳಲ್ಲಿ ಇಪ್ಪತ್ತೆರಡು ಚಿಗುರಿದ್ದವು. ಒಂದು ದಂಟು ಮಾತ್ರ ಹೂಬಿಟ್ಟಿತ್ತು, ಅದರ ಮೇಲೆ ಕಪ್ಪು ದುಂಬಿಯೊಂದು ಕೂತು ಎದ್ದು ಕೂತು ಎದ್ದು ಮಾಡುತ್ತಿತ್ತು. ಅಷ್ಟು ದೊಡ್ಡ ಬೋಳು ಬೆಟ್ಟದಲ್ಲಿ ಅದು ಆ ಒಂದು ದಂಟನ್ನು ಹೇಗೆ ಹುಡುಕಿತೋ.

ಕಟ್ಟು ಎಲ್ಲಿಯವರೆಗೆ ಹೋಯಿತು? ಕೊನೆಯ ಸಾಲು? ಒಳ್ಳೆಯದಾಯಿತು. ಅದನ್ನು ಕಟ್ಟಿದವರು ಅವಸರದಲ್ಲಿ ಎಲೆಯ ಜೊತೆ ಒಂದು ಹೂದಂಟಿನ ತುಂಡನ್ನೂ ಸೇರಿಸಿಬಿಟ್ಟಿದ್ದಾರೆ. ದಾರದ ಕೆಳಗೆ ಎಡಬದಿಗೆ ಇದೆ. ಬೆರಳ ನಡುವೆ ತಿರುಗಿಸಿದರೆ ನಾಲ್ಕು ಮೂಲೆ ಸಿಗುತ್ತದೆ, ತುಂಬೆಯ ಹಾಗೆ. ಒಣಗಿದ ಹೂಬಟ್ಟಲುಗಳನ್ನು ಉಗುರಿನಿಂದ ನಿಧಾನಕ್ಕೆ ಬಿಡಿಸಿ ನೋಡಿ, ಹೊಳೆಯುವ ಕಂದು ಬೀಜಗಳಿವೆ. ಮೊನ್ನೆ ಎಣಿಸಿದಾಗ ಹನ್ನೊಂದಿದ್ದವು.